ಬಾಳೆಹೊಸೂರಿಗೆ ಬರುವ ಗಾದಿ ಗುಡುಸಾಬ

ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುವವರು ಈಗ ಊರೂರಿಗೆ ಮೈಕ್ ಕಟ್ಟಿಕೊಂಡು ಬರುತ್ತಾರೆ. ಲಕ್ಷ್ಮೇಶ್ವರದ ಗುಡುಸಾಬ ನದಾಫನ ಮೂರು ಗಾಲಿಯ ಟಂಟಂಗೆ ಮೈಕ್ ಇಲ್ಲ. ಬೋರ್ಡೂ ಇಲ್ಲ, ಫೋನ್ ನಂಬರನ್ನೂ ಬರೆಸಿಲ್ಲ. ಹಿಂದೆ ಹಿಂಜುವ ಮಷೀನು, ಮುಂದೆ ಗುಡುಸಾಬ, ಅಷ್ಟೇ. ಸುಗ್ಗಿ ಮುಗಿದು ಮದುವೆಗಳು ಶುರುವಾಗುವ ನಡುವಿನ ಎರಡು ತಿಂಗಳು ಅವನ ದುಡಿಮೆಯ ಕಾಲ. ಬಾಳೆಹೊಸೂರಿಗೆ ಬಂದರೆ ಮಠದ ಹತ್ತಿರ ಗಾಡಿ ನಿಲ್ಲಿಸುತ್ತಿದ್ದ. ಎದುರಿನ ಅಂಗಡಿಯಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಯಾರಾದರೂ ಒಬ್ಬ ಹೆಣ್ಣುಮಗಳು ಬಂದು ನಿಂತಿರುತ್ತಿದ್ದಳು.

"ಸಾಬಣ್ಣ, ಈ ಸಲ ಮೊದ್ಲ ನಮ್ಮನಿಗೆ ಬರ್ರಿ. ಹ್ವಾದ ವರ್ಷ ಕಾದು ಕಾದು ನೆಲದ ಮ್ಯಾಲ ಮಕ್ಕೊಂಡೀವಿ."

ಹೀಗೆ ಮೂವತ್ತೆರಡು ವರ್ಷ ನಡೆದಿತ್ತು. ಶಿರಹಟ್ಟಿ ಕಡೆಯ ಐದಾರು ಹಳ್ಳಿಗಳಲ್ಲೂ ಅವನಿಗೆ ಗಿರಾಕಿಗಳಿದ್ದರು. ಆದರೆ ಬಾಳೆಹೊಸೂರಿನಷ್ಟು ಮನೆಗಳು ಎಲ್ಲಿಯೂ ಇರಲಿಲ್ಲ. ಆ ಊರೊಂದರಲ್ಲೇ ನಲವತ್ತಕ್ಕೂ ಹೆಚ್ಚು ಮನೆಗಳು.

ಕೆಲಸದ ಕಟ್ಟಳೆಗಳನ್ನು ಅವನಿಗೆ ಅಪ್ಪ ಕಲಿಸಿದ್ದ. ಒಂದು ಮನೆಯ ಹತ್ತಿಯನ್ನು ಆ ಮನೆಯ ಅಂಗಳದಲ್ಲೇ ಹಿಂಜಬೇಕು. ಮನೆಯವರೊಬ್ಬರು ಎದುರಿಗೆ ಕೂತಿರಬೇಕು. ಮಷೀನಿಗೆ ಹಾಕುವ ಮೊದಲು ಹತ್ತಿಯನ್ನು ಹಿಡಿಹಿಡಿಯಾಗಿ ಕೈಯಿಂದ ತಡವಿ ನೋಡಬೇಕು, ಯಾಕೆಂದರೆ ಒಂದು ಪಿನ್ನು ಹಲ್ಲಿಗೆ ಸಿಕ್ಕರೂ ಕಿಡಿ ಹಾರಿ ಎಲ್ಲಕ್ಕೂ ಬೆಂಕಿ ಹತ್ತುತ್ತದೆ. ಕೆಲಸ ಮುಗಿದ ಮೇಲೆ ಮಷೀನಿನ ಹೊಟ್ಟೆ ತೆರೆದು, ಒಳಗೆ ಉಳಿದ ಎಳೆಗಳನ್ನೆಲ್ಲ ಆ ಮನೆಯ ಹೆಣ್ಣುಮಗಳ ಕೈಗೇ ಕೊಡಬೇಕು. ಅವಳು ಅದನ್ನು ದೀಪದ ಬತ್ತಿಗೆ ಇಟ್ಟುಕೊಳ್ಳುತ್ತಾಳೆ. ಒಂದು ಮನೆಯ ಹತ್ತಿಯ ಒಂದೆಳೆಯೂ ಇನ್ನೊಂದು ಮನೆಯ ಗಾದಿಗೆ ಹೋಗಬಾರದು.

ಇದಕ್ಕೆ ಗುಡುಸಾಬ ತನ್ನದನ್ನೂ ಸ್ವಲ್ಪ ಸೇರಿಸಿದ್ದ. ಯಾರ ಗಾದಿ ಎಂದು ಮೊದಲು ಕೇಳುತ್ತಿದ್ದ. ಸೊಂಟದ ನೋವಿನವರದಾದರೆ ನಡುವಿಗೆ ಎರಡು ಹಿಡಿ ಹೆಚ್ಚು ಹತ್ತಿ. ಬಾಣಂತಿಯದಾದರೆ ಹೊಲಿಗೆ ಬಿಗಿ. ವರ್ಷ ಕಳೆದು ಊರಿಗೆ ಬಂದಾಗ ಹಳೆಯ ಗಿರಾಕಿಗಳ ಬಾಗಿಲಿಗೆ ತಾನೇ ಹೋಗಿ, "ಗಾದಿ ಎಲ್ಲೆರ ಗಂಟಾಗೇತೇನ್ರಿ?" ಎಂದು ಕೇಳುತ್ತಿದ್ದ. ಆಗಿದ್ದರೆ ಅಲ್ಲಿಯೇ ಕೂತು ಬಿಚ್ಚಿ ಸರಿಮಾಡಿ ಹೊಲಿದುಕೊಡುತ್ತಿದ್ದ. ಅದಕ್ಕೆ ದುಡ್ಡಿಲ್ಲ, ಚಹಾ ಕೊಟ್ಟರೆ ಕುಡಿಯುತ್ತಿದ್ದ.

ಆದರೆ ಅವನ ಹೆಸರು ಊರೂರು ತಿರುಗಿದ್ದು ಇದರಿಂದ ಅಲ್ಲ. ಬಾಳೆಹೊಸೂರಿನ ಅಂದಪ್ಪನ ಮನೆಯಲ್ಲಿ ಅತ್ತೆಯ ಮೂಗುತಿ ಕಳೆದು, ಎರಡು ವರ್ಷ ಸೊಸೆಯ ಮೇಲೆ ಅನುಮಾನವಿತ್ತು. ಗುಡುಸಾಬ ಅತ್ತೆಯ ತಲೆದಿಂಬಿನ ಹತ್ತಿ ತಡವುವಾಗ ಮೂಗುತಿ ಬೆರಳಿಗೆ ತಾಕಿತು. ಅವನು ಅದನ್ನು ಎತ್ತಿ ಅತ್ತೆಯ ಕೈಯಲ್ಲಿಟ್ಟು, ಮತ್ತೆ ಹತ್ತಿ ತಡವತೊಡಗಿದ. ಸೊಸೆ ಅಡುಗೆಮನೆಗೆ ಹೋಗಿ ಅತ್ತಳು. ಆಮೇಲೆ ನೀರಿನ ನಳದ ಹತ್ತಿರ, ಗಿರಣಿಯಲ್ಲಿ, ಬಸ್ಸಿನಲ್ಲಿ ಆ ಮಾತು ನಡೆಯಿತು. ಶಿರಹಟ್ಟಿಗೆ ಹೋಗುವಷ್ಟರಲ್ಲಿ ಮೂಗುತಿ ಸರವಾಯಿತು. ಮುಂಡರಗಿಗೆ ಮುಟ್ಟುವಷ್ಟರಲ್ಲಿ ಅದು ಐದು ತೊಲಿಯ ಸರ. ಮೊದಮೊದಲು ಗುಡುಸಾಬ ತಿದ್ದುತ್ತಿದ್ದ. ಎಷ್ಟು ಬಾಯಿಗಳನ್ನು ತಿದ್ದುವುದು ಎಂದು ಆಮೇಲೆ ಬಿಟ್ಟುಬಿಟ್ಟ.

"ಐದು ತೊಲಿ ಕೊಟ್ಟು ಬಂದೀರಂತ ಮಂದಿಗೆ," ಎಂದು ಹೆಂಡತಿ ಶಮಶಾದಬಿ ಚೇಷ್ಟೆ ಮಾಡುತ್ತಿದ್ದಳು. "ನನಗ ಎರಡು ಗುಂಜಿಯರ ತರಬೇಕಿತ್ತು."

ಈಗ ಅವನಿಗೆ ಅರವತ್ತೊಂದು. ಹತ್ತಿಯ ಧೂಳು ಎದೆಯೊಳಗೆ ಕೂತಿದೆ. ಹತ್ತು ಹೆಜ್ಜೆ ನಡೆದರೆ ನಿಲ್ಲಬೇಕು, ಒಂದು ಗಾದಿ ಹಿಂಜಿದರೆ ರಾತ್ರಿಯೆಲ್ಲ ಕೆಮ್ಮು. ಗದಗಿನ ಡಾಕ್ಟರ್ ಎಕ್ಸ್‌ರೇ ನೋಡಿ, ಹತ್ತಿ ಬಿಡಬೇಕು ಎಂದು ಹೇಳಿದ್ದರು. ಗುಡುಸಾಬನೂ ಒಪ್ಪಿದ್ದ. ಅಕ್ಕನ ಮಗ ಮಕ್ತುಮಸಾಬ ಶಿರಹಟ್ಟಿಯಲ್ಲಿ ಇದೇ ಕೆಲಸ ಮಾಡಿಕೊಂಡಿದ್ದ. ಮಷೀನನ್ನೂ ಹಳ್ಳಿಗಳನ್ನೂ ಅವನಿಗೆ ಒಪ್ಪಿಸಿಬಿಡುವುದೆಂದು ಮಾತಾಗಿತ್ತು. ಹಿಂಜುವವರಲ್ಲಿ ಊರುಗಳನ್ನು ಹಾಗೆ ಒಪ್ಪಿಸುವ ರೂಢಿಯಿದೆ. ಹಳಬ ಹೊಸಬನನ್ನು ಕರೆದುಕೊಂಡು ಮನೆಮನೆಗೆ ಹೋಗಿ, "ಇನ್ನ ಮುಂದ ಇಂವ ಬರತಾನ್ರಿ, ನನ್ನ ಮಾತು" ಎಂದು ಹೇಳುತ್ತಾನೆ. ಆ ಮಾತು ನಡೆದರೆ ಗಿರಾಕಿಗಳು ಉಳಿಯುತ್ತಾರೆ. ಗುಡುಸಾಬನ ಹತ್ತಿರ ಕೊಡುವಂಥದ್ದು ಆ ಮಾತೊಂದೇ ಇತ್ತು. ಮಷೀನು ಹಳೆಯದು, ಗುಜರಿಗೆ ಹಾಕಿದರೆ ಏನೂ ಬರುವುದಿಲ್ಲ. ಬದಲಿಗೆ ಮಕ್ತುಮಸಾಬ ತಿಂಗಳ ಔಷಧದ ಖರ್ಚು ನೋಡಿಕೊಳ್ಳುವುದಾಗಿ ಹೇಳಿದ್ದ.

ಇನ್ನೊಂದು ಸುಗ್ಗಿ ಮಾಡಿ ಬಿಟ್ಟುಬಿಡೋಣ ಎಂದುಕೊಂಡ ಆ ವರ್ಷವೇ ಗದಿಗೆವ್ವನ ಮನೆಯ ಕೆಲಸ ಬಂತು.

ಗದಿಗೆವ್ವನಿಗೆ ಎಪ್ಪತ್ತೆಂಟು. ಬಾಳೆಹೊಸೂರಿನಲ್ಲಿ ಅವಳ ಮಾತಿಗೆ ತೂಕವಿತ್ತು. ಗುಡುಸಾಬ ಹೊಸದಾಗಿ ಊರಿಗೆ ಬಂದಾಗ ನಾಲ್ಕು ಮನೆಗೆ ಕಳಿಸಿದವಳು ಅವಳೇ. ಅವಳ ಮಗಳು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಮಗಳ ಮಗಳು ವನಿತಾಳನ್ನು ತಾನೇ ಸಾಕಿದ್ದಳು. ಈಗ ವನಿತಾಳ ಮದುವೆ ಮುಂಡರಗಿಗೆ ಗೊತ್ತಾಗಿತ್ತು. ಮದುಮಗಳ ಜೊತೆ ಕಳಿಸಲು ಎರಡು ಗಾದಿ, ನಾಲ್ಕು ದಿಂಬು ಬೇಕಿತ್ತು. ಮಗ ಕೊಟ್ರೇಶ, ಸೊಸೆ, ವನಿತಾ ಮೂವರೂ ಜವಳಿ ತರಲು ಗದಗಿಗೆ ಹೋಗಿದ್ದರು. ಗದಿಗೆವ್ವ ಅಂಗಳದಲ್ಲಿ ಕಾಲು ಚಾಚಿ, ಎಲೆಯಡಿಕೆ ಹಾಕಿಕೊಂಡು ಎದುರಿಗೆ ಕೂತಿದ್ದಳು.

"ಹೊಸಾ ಹತ್ತಿ ಸಾಲಂಗಿಲ್ಲ. ನನ್ನ ಗಾದಿನೂ ಬಿಚ್ಚಿ ಕೂಡಿಸು," ಎಂದಳು.

"ನಿಮಗ ಗಾದಿ ಬ್ಯಾಡೇನ್ರಿ ಅವ್ವಾರ?"

"ಅರ್ಧ ತಗಿ, ಅರ್ಧ ಬಿಡು. ಇನ್ನೆಷ್ಟು ದಿನ ಮಕ್ಕೊಳ್ಳಾಕಿ ನಾ."

ಗುಡುಸಾಬ ಅವಳ ಹಳೆಯ ಗಾದಿ ಬಿಚ್ಚಿ ತಡವುತ್ತ ಬಂದ. ತಲೆಯ ಕಡೆಯ ಮೂಲೆಯಲ್ಲಿ ಕೈ ನಿಂತಿತು. ಬಟ್ಟೆಯ ಒಂದು ಪುಟ್ಟ ಗಂಟು. ಒಳಗೆ ಗಟ್ಟಿಗಟ್ಟಿಯಾದದ್ದು ಜಾರಿತು.

"ಅವ್ವಾರ, ಇಲ್ಲೇನೋ ಐತಿ."

"ಐತಿ. ನಾನ ಇಟ್ಟೀನಿ. ಬಿಚ್ಚಿ ನೋಡು."

ಬಂಗಾರದ ಗುಂಡಿನ ಬೋರಮಾಳ ಸರ. ಗದಿಗೆವ್ವ ಬೀದಿಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು. "ನನ್ನ ಮಗಳದು. ಅಕಿ ಮಗಳಿಗೆ ಸೇರಬೇಕಾದ್ದು. ಹೊಸಾ ಗಾದಿಯಾಗ ಹಾಕಿ ಹೊಲಿ."

"ವನಿತಾಗ ಗೊತ್ತೈತೇನ್ರಿ?"

"ಅಕಿಗೆ ಹೇಳಿದ್ರ ಹೊತ್ತು ಮುಳುಗೂದ್ರೊಳಗ ಸೋದರಮಾವನ ಮುಂದ ಹೇಳಿರ್ತಾಳ. ಅಷ್ಟು ಸಾಫು ಮನಸಿನಾಕಿ. ಕೊಟ್ರ್ಯಾಗ ಗೊತ್ತಾದ್ರ ತಗೊಂಡು ಹೋಗಿ ಒತ್ತಿ ಇಡತಾನ. ಮಗಳ ಬಂಗಾರದ ಬಳಿ ನಾಕೂ ಟ್ರ್ಯಾಕ್ಟರಿಗೆ ಹ್ವಾದ್ವು, ಒಂದರ ತಿರುಗಿ ಬಂತೇನು? ನಾ ಸತ್ತಮ್ಯಾಲ ನೀ ಮುಂಡರಗಿಗೆ ಹೋಗಿ ಅಕಿಗೊಬ್ಬಾಕಿಗೆ ಹೇಳು. ಬ್ಯಾರೆ ಯಾರಿಗೂ ಹೇಳಬ್ಯಾಡ."

"ನನ್ನ ಕೆಮ್ಮು ಕೇಳಸಾಕತ್ತಿಲ್ಲೇನ್ರಿ? ಯಾರು ಮೊದ್ಲ ಹೋಗತೀವೋ ಯಾರಿಗೆ ಗೊತ್ತು."

"ನೀ ನನಗಿಂತ ಹದಿನೇಳು ವರ್ಷ ಸಣ್ಣಾಂವ," ಎಂದಳು ಗದಿಗೆವ್ವ. "ಪಾಳೆ ಹಚ್ಚು, ನಂದು ಮೊದ್ಲ."

ಅವನಿಗೆ ಇದು ಬೇಕಿರಲಿಲ್ಲ. ಆದರೆ ಮೂವತ್ತೆರಡು ವರ್ಷ ಕೆಲಸ ಕೊಟ್ಟವಳು ಕೇಳುತ್ತಿದ್ದಳು. ಗಂಟನ್ನು ದೊಡ್ಡ ಗಾದಿಯ ತಲೆಕಡೆಯ ಎಡಮೂಲೆಯಲ್ಲಿ ಹತ್ತಿಯ ನಡುವೆ ಇಟ್ಟು, ಸುತ್ತಲೂ ನಾಲ್ಕು ಹೊಲಿಗೆ ಹೆಚ್ಚು ಹಾಕಿದ. "ಆತ್ರಿ ಅವ್ವಾರ," ಎಂದ.

ವೈಶಾಖದಲ್ಲಿ ಮದುವೆಯಾಯಿತು. ಶ್ರಾವಣದಲ್ಲಿ ಗದಿಗೆವ್ವ ತೀರಿಕೊಂಡಳು.

ಆ ವಾರ ಗುಡುಸಾಬ ಉಸಿರು ಕಟ್ಟಿ ಗದಗಿನ ದವಾಖಾನೆಯಲ್ಲಿ ಮಲಗಿದ್ದ. ಮಣ್ಣಿಗೂ ಹೋಗಲಾಗಲಿಲ್ಲ. ಮನೆಗೆ ಬಂದ ಮೇಲೆ ಮುಂಡರಗಿಗೆ ಹೋಗಬೇಕು ಎಂದು ದಿನವೂ ಅಂದುಕೊಂಡ. ಲಕ್ಷ್ಮೇಶ್ವರದಿಂದ ಮುಂಡರಗಿಗೆ ಎರಡು ಬಸ್ಸು ಹಿಡಿಯಬೇಕು. ಬಸ್ಸಿನ ಮೆಟ್ಟಿಲು ಹತ್ತುವುದನ್ನು ನೆನೆದರೆ ಎದೆ ಬಿಗಿಯುತ್ತಿತ್ತು. ನಾಳೆ ಹೋದರಾಯಿತು, ಸೋಮವಾರ ಹೋದರಾಯಿತು ಎನ್ನುತ್ತ ಒಂದು ತಿಂಗಳು ಕಳೆಯಿತು. ಬಂಗಾರವೇನು ಓಡಿಹೋಗುತ್ತದೆಯೇ, ಅವಳ ತಲೆಯ ಕೆಳಗೇ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅವನು ಮಾಡಿದ ತಪ್ಪು ಅದೊಂದೇ.

ಚೌತಿ ಕಳೆದ ವಾರ ಕೊಟ್ರೇಶ ಬೈಕಿನಲ್ಲಿ ಲಕ್ಷ್ಮೇಶ್ವರಕ್ಕೆ ಬಂದ. ಗುಡುಸಾಬ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ.

"ಬರ್ರಿ ಕೊಟ್ರೇಶಪ್ಪ, ಕುಂಡ್ರಿ. ಅವ್ವಾರು ಹ್ವಾದಾಗ ಬರಾಕ ಆಗಲಿಲ್ಲ."

"ಕುಂಡ್ರಾಕ ಬಂದಿಲ್ಲ ಸಾಬಣ್ಣ. ಒಂದು ಮಾತು ಕೇಳಾಕ ಬಂದೀನಿ. ತಂಗೀದು ಒಂದು ಬೋರಮಾಳ ಇತ್ತು. ಎಲ್ಲೈತಿ ಅಂದ್ರ ಅವ್ವ ಯಾವತ್ತೂ, ನನ್ನ ಹಾಸಿಗ್ಯಾಗ ಐತಿ ಅಂತಿದ್ಲು. ಚೇಷ್ಟಿ ಮಾಡತಾಳ ಅಂತ ಬಿಟ್ಟಿದ್ದೆ. ಅಕಿ ಹ್ವಾದಮ್ಯಾಲ ಗಾದಿ ಹರದು ನೋಡೀನಿ. ಇಲ್ಲ."

ಗುಡುಸಾಬ ಕಟ್ಟೆಯ ಮೇಲೆ ಸರಿದು ಕೂತ.

"ವನಿತಾನ್ನ ಕೇಳೀನಿ. ಅಕಿ ದೇವರಾಣಿ ಮಾಡಿ ಇಲ್ಲ ಅಂದಾಳ, ಅಕಿ ಸುಳ್ಳ ಹೇಳಾಕಿ ಅಲ್ಲ. ಇನ್ನ ಉಳದಾವ್ರು ನೀವು. ಅವ್ವನ ಗಾದಿ ಬಿಚ್ಚಿದಾವ್ರು ನೀವ ಒಬ್ರು."

"ನಾ ತಗೊಂಡಿಲ್ಲ ಕೊಟ್ರೇಶಪ್ಪ."

"ನೀವು ಕೈಲೆ ತಡವಲಾರದ ಒಂದು ಹಿಡಿ ಹತ್ತಿ ಮಷೀನಿಗೆ ಹಾಕಂಗಿಲ್ಲ. ಇಡೀ ಊರಿಗೆ ಗೊತ್ತೈತಿ. ನಿಮ್ಮ ಕೈಗೆ ಸಿಕ್ಕಿತ್ತೋ ಇಲ್ಲೋ, ಅಷ್ಟ ಹೇಳ್ರಿ."

ಸಿಕ್ಕಿಲ್ಲ ಎಂದರೆ ಅದು ಸುಳ್ಳು. ಸಿಕ್ಕಿತ್ತು ಎಂದರೆ ಮುಂದಿನ ಪ್ರಶ್ನೆ ಎಲ್ಲಿದೆ ಎನ್ನುವುದು. ವನಿತಾಳಿಗೆ ತಾನು ಇನ್ನೂ ಹೇಳಿಯೇ ಇರಲಿಲ್ಲ.

"ಗಾದಿಯಾಗ ಏನಿತ್ತು ಏನಿಲ್ಲ ಅನ್ನೂದು ಎದುರಿಗೆ ಕುಂತಾವ್ರಿಗೆ ಬಿಟ್ಟದ್ದು," ಎಂದ. "ಅವತ್ತ ಎದುರಿಗೆ ಅವ್ವಾರು ಕುಂತಿದ್ರು."

"ಅವ್ವ ಸತ್ತಾಳ."

"ಹೌದ್ರಿ."

"ಅಂದ್ರ ಗೊತ್ತೈತಿ, ಹೇಳಂಗಿಲ್ಲ."

ಗುಡುಸಾಬನಿಗೆ ಕೆಮ್ಮು ಬಂತು. ಕೊಟ್ರೇಶ ಅದು ಮುಗಿಯುವವರೆಗೂ ಕಾದ. ಆಮೇಲೆ ಬೈಕು ತಿರುಗಿಸುತ್ತ, "ಪೊಲೀಸ್ ಸ್ಟೇಷನ್ನಿಗೆ ಹ್ವಾದ್ರ ಬೋರಮಾಳ ಗಾದ್ಯಾಗ ಇತ್ತು ಅನ್ನಾಕ ನನ್ನ ಹತ್ರನೂ ಏನಿಲ್ಲ," ಎಂದ. "ಆದ್ರ ಊರಿಗೆ ಬಾಯಿ ಐತಿ ಗುಡುಸಾಬ."

ಅಣ್ಣ ಎನ್ನುವುದು ಅಲ್ಲಿಗೆ ಬಿಟ್ಟುಹೋಯಿತು.

ಊರಿಗೆ ಬಾಯಿ ಇತ್ತು. ಮೂಗುತಿಯನ್ನು ಐದು ತೊಲಿ ಮಾಡಿದ ಬಾಯಿಯೇ ಇದನ್ನೂ ಬೆಳೆಸಿತು. ಮೂಗುತಿ ತಿರುಗಿಸಿ ಕೊಟ್ಟು ನಂಬಿಸಿದ, ಬೋರಮಾಳ ಸಿಕ್ಕಾಗ ಇಟ್ಟುಕೊಂಡ ಎಂದಿತು. ಎಂಟು ದಿನದಲ್ಲಿ ಶಮಶಾದಬಿ ಲಕ್ಷ್ಮೇಶ್ವರದ ಗಿರಣಿಯಲ್ಲಿ ಅದನ್ನು ಕೇಳಿ, ಹಿಟ್ಟಿನ ಡಬ್ಬಿ ಕೆಳಗಿಟ್ಟು ಗಂಡನ ಮುಂದೆ ಕೂತಳು.

"ಏನೈತಿ ಹೇಳಿಬಿಡ್ರಿ."

"ನಿನಗೋ, ಊರಿಗೋ?"

"ನನಗ ಹೇಳಬ್ಯಾಡ್ರಿ. ಅಲ್ಲಿ ಹೇಳ್ರಿ. ಮುದುಕಿ ಮಣ್ಣಾಗ ಹೋದ್ಲು, ನೀವ್ಯಾಕ ಇಲ್ಲಿ ಕುಂತು ಸಾಯಾಕತ್ತೀರಿ?"

ಎರಡು ದಿನದ ನಂತರ ಮಕ್ತುಮಸಾಬ ಫೋನ್ ಮಾಡಿದ. ಒಳ್ಳೆಯ ಹುಡುಗ, ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ. "ಮಾಮು, ಬಾಳೆಹೊಸೂರಿಗೆ ನಿಮ್ಮ ಹೆಸರ ಹೇಳ್ಕೊಂಡು ಹ್ವಾದ್ರ ನನಗ ಚಹಾನೂ ಹಾಕಂಗಿಲ್ಲ. ಆ ಊರು ಇಲ್ಲಂದ್ರ ಉಳದಿದ್ದು ಏನೈತ್ರಿ? ಮೊದ್ಲ ಅದನ್ನೊಂದು ಸ್ವಚ್ಛ ಮಾಡ್ರಿ. ಆಮ್ಯಾಲ ಮಾತಾಡೂಣು."

ಮರುದಿನ ಗುಡುಸಾಬ ದಬ್ಬಣ, ದಾರ ಚೀಲಕ್ಕೆ ಹಾಕಿಕೊಂಡು ಮುಂಡರಗಿಯ ದಾರಿ ಹಿಡಿದ.

ವನಿತಾ ಬಾಗಿಲು ತೆಗೆದು, ಒಳಗೆ ಕರೆಯದೆ ನಿಂತಳು. ಗಂಡ ಸೋಮೇಶ ಬೀಜ-ಗೊಬ್ಬರದ ಅಂಗಡಿಗೆ ಕೆಲಸಕ್ಕೆ ಹೋಗಿದ್ದ. ಅತ್ತೆಯೂ ಹೊರಗೆ ಹೋಗಿದ್ದರಿಂದ ಮನೆಯಲ್ಲಿ ಅವಳೊಬ್ಬಳೇ.

"ಇಲ್ಲಿತನಕ ಯಾಕ ಬಂದ್ರಿ ಕಾಕಾ?"

"ಗಾದಿ ನೋಡಾಕ. ನಿಮ್ಮ ಆಯಿ ಹೇಳಿದ ಒಂದು ಹೊಲಿಗಿ ಐತಿ."

ಅಜ್ಜಿಯ ಹೆಸರು ಕೇಳಿ ಅವಳು ದಾರಿ ಬಿಟ್ಟಳು. ಅವನು ದೊಡ್ಡ ಗಾದಿಯ ತಲೆಕಡೆಯ ಎಡಮೂಲೆಯನ್ನು ನಾಲ್ಕು ಬೆರಳು ಬಿಚ್ಚಿ, ಕೈ ಹಾಕಿ ಗಂಟು ತೆಗೆದು, ಅವಳ ಮುಂದೆ ನೆಲದ ಮೇಲಿಟ್ಟ. ಅವಳು ಬಿಚ್ಚಿ ನೋಡಿದಳು. ಅವ್ವನ ಸರ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಜ್ಜಿಯ ಮನೆಯ ಗೋಡೆಯ ಮೇಲಿದ್ದ ಅವ್ವನ ಫೋಟೋದಲ್ಲಿ ಅದನ್ನು ದಿನವೂ ನೋಡಿ ಬೆಳೆದವಳು. ಬಹಳ ಹೊತ್ತು ಗುಂಡುಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸುತ್ತ ಕೂತಳು. ಗುಡುಸಾಬ ಗದಿಗೆವ್ವ ಹೇಳಿದ್ದನ್ನೆಲ್ಲ ಹೇಳಿದ. ತಾನು ತಡಮಾಡಿದ್ದನ್ನೂ ಹೇಳಿದ.

"ಮಾಮಾ ಫೋನ್ ಹಚ್ಚಿದಾಗ ನಾ ಆಣಿ ಮಾಡಿ ಇಲ್ಲ ಅಂದೀನಿ," ಎಂದಳು.

"ಆವಾಗ ನಿನಗ ಗೊತ್ತಿರಲಿಲ್ಲವಾ. ಅದು ಸುಳ್ಳ ಅಲ್ಲ."

"ಈಗ ಐತಿ ಅಂದ್ರ ಯಾರು ನಂಬ್ತಾರ್ರಿ? ಮೊದಲ ಬಚ್ಚಿಟ್ಟಿದ್ಲು ಅಂತಾರ. ಇಲ್ಲಿ ಅತ್ತಿನೂ ಕೇಳತಾರ, ಅಲ್ಲಿ ಮಾಮಾನೂ ಕೇಳತಾನ."

ಅವಳು ಎದ್ದು ಚಹಾ ಮಾಡಿ ತಂದಳು. ಅವನು ಕುಡಿದ. ಬಸ್ಸಿನಲ್ಲಿ ಬರುವಾಗ ಅವನಿಗೆ ಒಂದು ಆಸೆಯಿತ್ತು. ವನಿತಾ ತಾನಾಗಿಯೇ ಸೋದರಮಾವನಿಗೆ ಫೋನ್ ಮಾಡುತ್ತಾಳೆ, ಸಂಜೆಯೊಳಗೆ ಊರಿನ ಬಾಯಿ ತಿರುಗುತ್ತದೆ, ಮಕ್ತುಮಸಾಬನನ್ನು ಮನೆಮನೆಗೆ ಕರೆದೊಯ್ದು ತಾನು ಮಲಗಬಹುದು ಎಂದು. ಆದರೆ ಅದನ್ನು ಬಾಯಿಬಿಟ್ಟು ಕೇಳಲು ಅವನಿಂದ ಆಗಲಿಲ್ಲ.

"ಊರಾಗ ನಿಮಗ ಏನೇನೋ ಅಂತಾರಂತ," ಎಂದಳು ವನಿತಾ, ನೆಲ ನೋಡುತ್ತ.

"ಅಂತಾರ."

"ನಾ ಹೇಳ್ಲೇನ್ರಿ ಮಾಮಾಗ?"

ಹೂಂ ಎಂದಿದ್ದರೆ ಅವಳು ಹೇಳುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಅವಳ ಕೈ ಆಗಲೇ ಫೋನಿನ ಹತ್ತಿರ ಹೋಗಿ ನಿಂತಿತ್ತು.

"ಅಕಿಗೊಬ್ಬಾಕಿಗೆ ಹೇಳು ಅಂದಿದ್ರು ನಿಮ್ಮ ಆಯಿ," ಎಂದ. "ಹೇಳೀನಿ. ನನ್ನ ಕೆಲಸ ಮುಗೀತು. ಮುಂದಿಂದು ನಿಂದು."

ವನಿತಾ ಫೋನನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಂಟು ಕಟ್ಟಿ ಅವನ ಕಡೆ ಸರಿಸಿದಳು. "ಅಲ್ಲೇ ಇಟ್ಟು ಹೊಲಿದುಬಿಡ್ರಿ ಕಾಕಾ. ಮನ್ಯಾಗ ಇದನ್ನ ಇಡಾಕ ನನಗ ಬ್ಯಾರೆ ಜಾಗ ಇಲ್ಲ."

ಅವನು ಎರಡನೆಯ ಸಲ ಅದನ್ನು ಹೊಲಿದ. ಹೊರಡುವಾಗ ಅವಳು ಬಾಗಿಲಿನವರೆಗೆ ಬಂದು ಏನೋ ಹೇಳಲು ಹೋಗಿ, "ಮೆಟ್ಟಿಲ ನೋಡಿ ಇಳೀರಿ," ಎಂದಳು. ಬಸ್‌ಸ್ಟ್ಯಾಂಡಿನಲ್ಲಿ ಗುಡುಸಾಬ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದ. ಅವುಗಳಲ್ಲಿ ಜಾಗವಿತ್ತು. ಎದ್ದು ನಿಲ್ಲಲು ಅವನಿಗೇ ಆಗಿರಲಿಲ್ಲ.

ಸುಗ್ಗಿ ಮುಗಿಯಿತು. ಶಮಶಾದಬಿ ಬೇಡವೆಂದಳು, ಡಾಕ್ಟರ್ ಮೊದಲೇ ಬೇಡವೆಂದಿದ್ದರು. ಆದರೂ ಅವನು ಟಂಟಂ ತೆಗೆದುಕೊಂಡು ಬಾಳೆಹೊಸೂರಿಗೆ ಹೋದ. ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತೆ. ಮಠದ ಹತ್ತಿರ ಗಾಡಿ ನಿಲ್ಲಿಸಿ, ಚಹಾ ಕುಡಿದು ಕೂತ. ಯಾರೂ ಬರಲಿಲ್ಲ. ಅಂಗಡಿಯವನು ಚಹಾದ ದುಡ್ಡನ್ನು ಕೈಯಿಂದ ಇಸಿದುಕೊಳ್ಳದೆ, "ಅಲ್ಲೇ ಇಡ್ರಿ" ಎಂದ. ಮಧ್ಯಾಹ್ನ ಗದಗಿನಿಂದ ಒಂದು ಗಾಡಿ ಬಂದು, ಪ್ಲಾಸ್ಟಿಕ್ ಸುತ್ತಿದ ಎರಡು ಫೋಮ್ ಗಾದಿಗಳನ್ನು ಕೊಟ್ರೇಶನ ಓಣಿಗೆ ಇಳಿಸಿ ಹೋಯಿತು. ಸಂಜೆ ಗುಡುಸಾಬ ಖಾಲಿ ಕೈಯಲ್ಲಿ ತಿರುಗಿ ಹೋದ. ಎರಡನೆಯ ದಿನವೂ ಹಾಗೆಯೇ ಆಯಿತು.

ಮೂರನೆಯ ದಿನ ಹನ್ನೊಂದು ಗಂಟೆಗೆ, ಗಂಡಸರು ಹೊಲಕ್ಕೆ ಹೋದ ಮೇಲೆ, ಹುಲಗಪ್ಪನ ಹೆಂಡತಿ ರೋಜಾ ಬಂದಳು. ಮೂವತ್ತರ ಹೆಣ್ಣುಮಗಳು. ಅವಳ ಅತ್ತೆ ಇರುವವರೆಗೆ ಅವರು ಗುಡುಸಾಬನ ಹಳೆಯ ಗಿರಾಕಿಗಳು.

"ದಿಂಬು ಅದಾವ ಎರಡು. ಬರ್ತೀರೇನು?"

"ಹುಲಗಪ್ಪಗ ಕೇಳೀಯೇನವಾ? ಆಮ್ಯಾಲ ಬೈತಾನ."

"ಆಂವ ಹೆಂಗಿದ್ರೂ ಬೈತಾನ. ನೀವು ಬಂದ್ರೂ ಬೈತಾನ, ಬರಲಿಲ್ಲಂದ್ರೂ ಬೈತಾನ. ಬರ್ರಿ."

ಅವಳ ಅಂಗಳದಲ್ಲಿ ಗುಡುಸಾಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ದಿಂಬು ಬಿಚ್ಚಿದ. ರೋಜಾ ಎದುರಿಗೆ ಕೂತಳು. ಅವನು ಹತ್ತಿ ತಡವುವುದನ್ನು ನೋಡಿದಳು. ಆಮೇಲೆ, "ಕೊಟ್ರೇಶಪ್ಪ ಪೊಲೀಸರ ಹೆಸರ ಎತ್ತಿದ್ರೂ ನೀವು ಬಾಯಿ ಬಿಡಲಿಲ್ಲಂತಲ್ಲ," ಎಂದಳು.

"ಯಾರು ಹೇಳಿದ್ರು?"

"ಆಂವನ ಹೇಳ್ಕೋತ ಅಡ್ಯಾಡಾಕತ್ತಾನ. ಗೊತ್ತೈತಿ, ಆದ್ರ ಹೇಳವಲ್ಲ ಅಂತ. ಗಂಡಸೂರು ಅದನ್ನ ಕೇಳಿ ಕಳ್ಳ ಅಂದ್ರು." ಅವಳು ಸ್ವಲ್ಪ ಹತ್ತಿರ ಸರಿದಳು. "ನಾವು ನಳದ ಹತ್ರ ಕುಂತು ಬ್ಯಾರೆ ಮಾತಾಡಿದ್ವ್ರಿ. ಗದಿಗೆವ್ವಾಯಿ ಏನೋ ಹೇಳಿರ್ತಾಳ, ಸಾಬಣ್ಣ ಮಾತು ಇಟ್ಟಾನ ಅಂತ. ಖರೆ ಹೌದೋ ಅಲ್ಲೋ ನನಗ ಬ್ಯಾಡ. ಕೇಳಂಗಿಲ್ಲ ನಾ."

ಗುಡುಸಾಬ ಹತ್ತಿ ತಡವುತ್ತಲೇ ಇದ್ದ. ರೋಜಾ ಒಳಗೆ ಹೋಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ ತಂದಳು.

"ಇದು ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್. ಅಂಗನವಾಡಿ ಕೆಲಸಕ್ಕ ಅರ್ಜಿ ಕರದ್ರ ಹಾಕಬೇಕಂತ ಇಟ್ಟೀನಿ. ಆಂವ ಕುಡಿದು ಬಂದಾಗ ಒಮ್ಮೆ ಒಲಿಗೆ ಹಾಕಾಕ ಹೋಗಿದ್ದ. ಇದನ್ನ ದಿಂಬಿನ್ಯಾಗ ಇಡ್ರಿ. ಮಡಚಬ್ಯಾಡ್ರಿ."

ಅವನು ಕೈ ಚಾಚಲಿಲ್ಲ. "ರೋಜಾ, ನನ್ನ ಹತ್ರ ಇಂಥಾವು ಸಾಕಾಗ್ಯಾವ. ಒಂದರ ಸಲುವಾಗಿ ಇಷ್ಟಾತು."

"ಗೊತ್ತೈತಿ. ಅದಕ್ಕ ನಿಮಗ ಕೊಡಾಕತ್ತೀನಿ."

ಅವನು ತೆಗೆದುಕೊಂಡ. ಹತ್ತಿಯನ್ನು ಎರಡು ಪದರ ಮಾಡಿ ನಡುವೆ ಚಪ್ಪಟೆಯಾಗಿ ಇಟ್ಟ. ತಲೆಯಿಟ್ಟರೆ ಸಪ್ಪಳವಾಗದಂತೆ ಮೇಲೆ ಒಂದು ಹಿಡಿ ಹೆಚ್ಚು ಹಾಕಿದ.

ಆಮೇಲೆ ದಿನಕ್ಕೆ ಒಂದೋ ಎರಡೋ ಮನೆ ಬಂದವು. ಎಲ್ಲ ಹೆಣ್ಣುಮಕ್ಕಳೇ, ಎಲ್ಲವೂ ಗಂಡಸರಿಲ್ಲದ ಹೊತ್ತಿನಲ್ಲೇ. ಎಲ್ಲರಿಗೂ ಬಚ್ಚಿಡುವುದು ಇರಲಿಲ್ಲ. ಕೆಲವರು ಬರೀ ಗಾದಿ ಕೊಟ್ಟು, ಏನನ್ನೂ ಕೇಳದೆ ಎದುರಿಗೆ ಕೂತು ಎದ್ದುಹೋದರು. ಇಬ್ಬರು ಕೊಟ್ಟದ್ದನ್ನು ಅವನು ಒಳಗೆ ಇಟ್ಟು ಹೊಲಿದ, ಏನೆಂದು ಬಿಚ್ಚಿ ನೋಡಲಿಲ್ಲ. ನಲವತ್ತು ಮನೆಗಳಿದ್ದಲ್ಲಿ ಹನ್ನೊಂದಾದವು. ಕೊಟ್ರೇಶನ ಓಣಿಯಿಂದ ಒಂದೂ ಬರಲಿಲ್ಲ. ಅಂದಪ್ಪನ ಮನೆಯೂ ಬರಲಿಲ್ಲ. ಚಹಾ ಅಂಗಡಿಯ ಮುಂದೆ ಗಂಡಸರು ಈಗಲೂ ಅವನಿಗೆ ಕೇಳಿಸುವಂತೆಯೇ ಮಾತಾಡುತ್ತಿದ್ದರು. ಅದನ್ನು ಯಾವ ಹೆಣ್ಣುಮಗಳೂ ಎದುರು ನಿಂತು ಅಲ್ಲಗಳೆಯಲಿಲ್ಲ.

ಎರಡನೆಯ ವಾರ ಮಕ್ತುಮಸಾಬನನ್ನು ಕರೆಸಿದ. ಹನ್ನೊಂದೇ ಆದರೂ ಮನೆಗಳು ಮನೆಗಳೇ, ತೋರಿಸಿ ಒಪ್ಪಿಸಿಬಿಡೋಣ ಎಂದು. ಮೊದಲು ಹೋದದ್ದು ಓಣಿಯ ತುದಿಯಲ್ಲಿ ಒಬ್ಬಳೇ ಇರುವ ತಿಪ್ಪವ್ವನ ಮನೆಗೆ. ಅವಳ ಗಾದಿಯನ್ನು ಗುಡುಸಾಬ ಹಿಂದಿನ ದಿನವಷ್ಟೇ ಹೊಲಿದು ಮುಗಿಸಿದ್ದ. ಅವಳು ಬಾಗಿಲಲ್ಲಿ ನಿಂತು ಮಕ್ತುಮಸಾಬನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇಂವ ನನ್ನ ಅಕ್ಕನ ಮಗ," ಎಂದ ಗುಡುಸಾಬ. "ಮುಂದಿನ ವರ್ಷದಿಂದ ಇಂವ ಬರತಾನ. ಕೆಲಸ ನನಗಿಂತ ಚಲೋ ಮಾಡತಾನ. ನನ್ನ ಮಾತು."

"ಚಲೋ ಹುಡುಗ ಕಾಣತಾನ," ಎಂದಳು ತಿಪ್ಪವ್ವ. "ಆದ್ರ ಅವನ ಕೈಗೆ ಗಾದಿ ಕೊಡಾಕ ನನಗ ಹೆಂಗ ಬರತೈತಿ? ನೀವ ಬರ್ರಿ."

"ನನಗ ಉಸುರು ಹತ್ತಂಗಿಲ್ಲ ತಿಪ್ಪವ್ವ."

"ನಿಂತು ನಿಂತು ಬರ್ರಿ. ನಾ ಏನು ಓಡಸಾಕತ್ತಿಲ್ಲ ನಿಮ್ಮನ್ನ."

ಇನ್ನೂ ಮೂರು ಮನೆಗೆ ಹೋದರು. ಎಲ್ಲ ಕಡೆ ಚಹಾ ಕೊಟ್ಟರು, ಎಲ್ಲ ಕಡೆ ಅದೇ ಮಾತು. ಅವನು ಒಳಗೆ ಏನೂ ಇಡದ ಮನೆಯಲ್ಲೂ ಅದೇ ಮಾತು. ಟಂಟಂ ಹತ್ತಿರ ಬಂದು ನಿಂತಾಗ ಮಕ್ತುಮಸಾಬ ಅರ್ಧ ನಗುತ್ತ, "ಮಾಮು, ಇವರಿಗೆ ಅದೇನ ಮಾಡಿ ಇಟ್ಟೀರಿ?" ಎಂದ.

ಗುಡುಸಾಬ ಟಂಟಂನ ಅಂಚಿಗೆ ಒರಗಿ ಉಸಿರು ಇಳಿಯುವವರೆಗೆ ಕಾದ. "ಶಿರಹಟ್ಟಿ ಕಡೆ ಊರೆಲ್ಲ ನೀ ತಗೋ," ಎಂದ. "ಮಷೀನೂ ಇವತ್ತ ತಗೊಂಡ ಹೋಗು. ಈ ಊರಿನ ಹೊತ್ತಿಗೆ ವರ್ಷಕ್ಕ ಹದಿನೈದು ದಿನ ನನಗ ತಿರುಗಿ ಕೊಡು, ಸಾಕು."

"ಔಷಧಿಗೆ?"

"ನಿನಗ ಹೆಂಗ ಆಗತೈತೋ ಹಂಗ ಕೊಡು. ಅರ್ಧ ಊರು ಕೊಟ್ಟು ಪೂರಾ ಕೇಳಾಕ ಬರಂಗಿಲ್ಲ."

"ಡಾಕ್ಟರ ಕೇಳಿದ್ರ ಬೈತಾರ್ರಿ ಮಾಮು."

"ಬೈಲಿ. ಆಂವ ಗಾದಿ ಹಿಂಜಾಕ ಬರಂಗಿಲ್ಲಲ್ಲ."

ಫೋನ್ ಬಂತು. ಶಮಶಾದಬಿ. ಒಪ್ಪಿಸಿದ್ದು ಮುಗಿಯಿತೇ, ಊಟಕ್ಕೆ ಮನೆಗೆ ಬರುತ್ತೀರಾ ಎಂದು ಕೇಳಿದಳು.

"ಇಲ್ಲ," ಎಂದ ಗುಡುಸಾಬ. "ಮಠದ ಹಿಂದ ಇನ್ನೊಂದು ಮನಿ ಐತಿ. ಮಷೀನು ಹೋಗೂದ್ರೊಳಗ ಅದೊಂದು ಮುಗಿಸಿ ಬರ್ತೀನಿ. ನೀ ಉಣ್ಣು."